ಕಪ್ಪು ಚೌಕಟ್ಟಿನ ಮುಖಪುಟ

ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದವನನ್ನು ಕಂಡು ನೆವೆನಾಳ ಲೋಟದ ಕಾಫಿ ತುಳುಕಿ ಕೈ ಸುಟ್ಟಿತು. ಅವಳಿಗೆ ಅದು ಗೊತ್ತೂ ಆಗಲಿಲ್ಲ.

ಬೋಯನ್!

ಅದೇ ಅಗಲ ಹೆಗಲು. ಅದೇ ಬಾಚದ ಕೂದಲು. ಸ್ವಲ್ಪ ಸೊರಗಿದ್ದಾನೆ, ಬೆರಳುಗಳ ಮೇಲೆ ಉಳಿ ತಾಗಿದ ಗಾಯಗಳಿವೆ... ಇರಲಿ! ಅವನ ಗಾಯ ನೋಡುವ ಕೆಲಸ ನನ್ನದಲ್ಲ ಎಂದು ಹಲ್ಲು ಕಚ್ಚಿದಳು.

"ನೆವೆನಾ, ಇವರು ಬೆಟ್ಟದ ಕಡೆಯ ತ್ರೊಯಾನ್‌ನಿಂದ ಬಂದಿದ್ದಾರೆ," ಎಂದರು ಪೆನ್ಕಾ ಮೇಡಂ. ಪ್ಲೊವ್‌ದಿವ್‌ನ ಆ ಪುಟ್ಟ ಡಿಸೈನ್ ಸ್ಟುಡಿಯೋ ಅವರದ್ದು. "ಇವರ ತಂದೆ ಜೇನುಪೆಟ್ಟಿಗೆ ಮಾಡ್ತಾರಂತೆ. ಬರೀ ಗುರುತಿನವರನ್ನ ನಂಬ್ಕೊಂಡು ಇನ್ನು ನಡೆಯಲ್ಲ, ಈ ಚಳಿಗಾಲ ಹೊಸ ಗಿರಾಕಿ ಬರ್ಲಿಲ್ಲ ಅಂದ್ರೆ ಬಾಗಿಲು ಹಾಕ್ಬೇಕಾಗತ್ತಂತೆ. ಅವರಿಗೊಂದು ವೆಬ್‌ಸೈಟ್ ಬೇಕು. ನೀನೇ ನೋಡ್ಕೋ."

ಬೋಯನ್ ಅವಳನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದ.

"ಕೂತ್ಕೊಳ್ಳಿ ಸಾರ್," ಎಂದಳು ನೆವೆನಾ. ಆ 'ಸಾರ್'ನಲ್ಲಿ ಇದ್ದ ತಣ್ಣಗಿನ ಚಾಕು ಅವನೊಬ್ಬನಿಗೇ ತಾಗಿತು.

ಇವನಿಗೇ ಈ ಕೆಲಸ ಬರುತ್ತಲ್ಲ, ಇಲ್ಲಿಗ್ಯಾಕೆ ಬಂದ? ಆ ಪ್ರಶ್ನೆ ಅವಳ ತಲೆಯಲ್ಲಿ ಒಮ್ಮೆ ಸುಳಿಯಿತು. ಆದರೆ ಸಿಟ್ಟು ಬಂದವರಿಗೆ ಪ್ರಶ್ನೆಗಳ ಜೊತೆ ಹೆಚ್ಚು ಹೊತ್ತು ಕೂರಲು ಪುರಸೊತ್ತಿರುವುದಿಲ್ಲ.

ಮೂರು ವರ್ಷದ ಹಿಂದೆ ಇಬ್ಬರೂ ರಾಜಧಾನಿ ಸೋಫಿಯಾದ ಒಂದೇ ಆಫೀಸಿನಲ್ಲಿದ್ದರು. ಒಂದೇ ಛತ್ರಿ, ಒಂದೇ ತಟ್ಟೆಯಲ್ಲಿ ಚೀಸ್ ತುಂಬಿದ ಬಾನಿತ್ಸಾ ರೊಟ್ಟಿ. ಬೇಸಿಗೆಯಲ್ಲಿ ಮದುವೆ ಎಂದು ತಮ್ಮಿಬ್ಬರಲ್ಲೇ ಮಾತೂ ಆಗಿತ್ತು, ಮನೆಯವರಿಗಿನ್ನೂ ಹೇಳಿರಲಿಲ್ಲ.

ಆಗ ಒಂದು ಪೀಠೋಪಕರಣದ ಕಂಪನಿಗೆ ನೆವೆನಾ ತಿಂಗಳುಗಟ್ಟಲೆ ಕೂತು ವೆಬ್‌ಸೈಟ್ ಮಾಡಿದ್ದಳು. ಅದನ್ನು ತೋರಿಸುವ ದಿನ ಕಂಪನಿಯ ಜನ, ಆಫೀಸಿನ ದೊಡ್ಡವರು, ಎಲ್ಲ ಸೇರಿದ್ದರು. ಪರದೆಯ ಮೇಲೆ ಅದು ನವವಧುವಿನ ಹಾಗೆ ಮಿಂಚುತ್ತಿತ್ತು. ಅವಳು ಹೆಮ್ಮೆಯಿಂದ ಬೋಯನ್ ಕಡೆ ನೋಡಿದಳು.

ಬೋಯನ್ ಎಲ್ಲರ ಮುಂದೆ ಹೇಳಿದ. "ನೋಡೋಕೇನೋ ಚೆಂದ ಇದೆ. ಆದ್ರೆ ಕೆಲಸಕ್ಕೆ ಬರಲ್ಲ. ಬಂದವನಿಗೆ ಬೆಲೆ ಸಿಗಲ್ಲ, ಅಂಗಡಿ ಎಲ್ಲಿದೆ ಅಂತ ಗೊತ್ತಾಗಲ್ಲ. ಹೊರಗೆ ಹೋಗೋ ದಾರಿ ಮಾತ್ರ ಸುಲಭವಾಗಿ ಸಿಗತ್ತೆ."

ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಎಲ್ಲರೂ ನಕ್ಕರು! ದೊಡ್ಡವರು ಅಲ್ಲೇ ಆ ಕೆಲಸವನ್ನು ಬೋಯನ್‌ಗೆ ವಹಿಸಿಬಿಟ್ಟರು. ನೆವೆನಾ ಆ ಸಂಜೆಯೇ ರಾಜೀನಾಮೆ ಬಿಸಾಡಿ, ಫೋನ್ ನಂಬರ್ ಬದಲಿಸಿ, ರೈಲು ಹತ್ತಿದ್ದಳು.

ನನ್ನ ಜಾಗ ಕಿತ್ಕೊಳ್ಳೋಕೆ ನನ್ನನ್ನೇ ಮೆಟ್ಟಿಲು ಮಾಡ್ಕೊಂಡ. ಇವನು ಪ್ರೀತಿಸಿದ್ದು ನನ್ನನ್ನಲ್ಲ!

ಅವಮಾನ ಕೆಲವರನ್ನು ಕುಗ್ಗಿಸುತ್ತದೆ. ನೆವೆನಾಳನ್ನು ಅದು ಹಟಮಾರಿ ಮಾಡಿತು. ಅಂದಿನಿಂದ ಅವಳು ಕಲಿತದ್ದೆಲ್ಲ ಒಂದೇ ವಿದ್ಯೆ. ಬಂದ ಗಿರಾಕಿಗೆ ಕಣ್ಣು ಹಾಯಿಸಿದ ಕೂಡಲೇ ಇದು ಯಾರ ಅಂಗಡಿ, ಏನು ಸಿಗುತ್ತದೆ, ಹೇಗೆ ಕೊಳ್ಳಬೇಕು ಎಂದು ತಿಳಿಯಬೇಕು. ಪುಟ ತಟ್ಟನೆ ತೆರೆಯಬೇಕು. ಮಾಲೀಕನ ಹೆಚ್ಚುಗಾರಿಕೆ ಆಮೇಲೆ ಇರಲಿ, ಮೊದಲು ಗಿರಾಕಿಯ ಅವಸರ. ಅವಳು ಮಾಡಿಕೊಟ್ಟ ವೆಬ್‌ಸೈಟ್‌ಗಳಿಂದ ಪ್ಲೊವ್‌ದಿವ್‌ನ ಎಷ್ಟೋ ಅಂಗಡಿಗಳು ಚೇತರಿಸಿಕೊಂಡಿದ್ದವು.

ಕಟ್ಟುವುದು ಗೊತ್ತಿದ್ದವರಿಗೆ ಎಲ್ಲಿ ಇಟ್ಟಿಗೆ ಎಳೆದರೆ ಗೋಡೆ ಬೀಳುತ್ತದೆ ಎಂಬುದೂ ಗೊತ್ತಿರುತ್ತದೆ ಅಲ್ಲವೇ?

'ನೋಡೋಕೆ ಚೆಂದ, ಕೆಲಸಕ್ಕೆ ಬರಲ್ಲ' ಅಂದೆ ತಾನೆ ಬೋಯನ್? ಈ ಸಲ ನಿನಗೆ ಅಂಥದ್ದನ್ನೇ ಮಾಡಿಕೊಡ್ತೀನಿ!

ಅವಳ ಮುಖದಲ್ಲಿ ನಗು ಮೂಡಿತು. "ಖಂಡಿತ ಮಾಡೋಣ ಸಾರ್. ಊರಿಗೆ ಊರೇ ಮಾತಾಡ್ಕೋಬೇಕು, ಹಾಗೆ ಮಾಡ್ತೀನಿ."

ಫೋಟೋ ತೆಗೆಯಲು ಅವಳು ತ್ರೊಯಾನ್‌ಗೆ ಹೋದಾಗ ಬೋಯನ್ ಮರ ತರಲು ಹೋಗಿದ್ದ. ಒಳ್ಳೆಯದೇ ಆಯಿತು ಎಂದುಕೊಂಡಳು. ಅವನ ತಂದೆ ಸ್ತೋಯಿಲ್ ಗೇಟಿನವರೆಗೂ ಬಂದು ಕರೆದುಕೊಂಡು ಹೋದರು. ದಪ್ಪ ಮೀಸೆಯ ತುಂಬ ಮರದ ಹುಡಿ.

"ಬಾ ಮಗಳೇ, ಚಳೀಲಿ ನಡುಗ್ತಾ ಇದೀಯ. ಮೊದಲು ಒಲೆ ಹತ್ರ ಕೂತ್ಕೋ. ಫೋಟೋ ಎಲ್ಲಿಗೂ ಓಡಿ ಹೋಗಲ್ಲ."

ಬಿಸಿ ಬಿಸಿ ಬೀನ್ಸ್ ಕಾಳಿನ ಸಾರು ಕೊಟ್ಟರು. ಇನ್ನೊಂದು ಸೌಟು ಬಡಿಸಿದರು. ಕ್ಯಾಮೆರಾ ಮುಂದೆ ನಿಂತಾಗ ಮಾತ್ರ ಮದುವೆ ಗಂಡಿನ ಹಾಗೆ ಬಿಗಿದುಕೊಂಡರು.

"ವೆಬ್‌ಸೈಟ್‌ನಲ್ಲಿ ಜೇನುಹುಳ ಹಾರತ್ತಾ ಮಗಳೇ?"

"ಹಾರತ್ತೆ ಯಜಮಾನ್ರೇ. ಪರದೆ ತುಂಬಾ ಹಾರತ್ತೆ."

ಮುದುಕ ಕೈ ತಟ್ಟಿ ನಕ್ಕರು. ನೆವೆನಾಳ ಎದೆಯಲ್ಲಿ ಏನೋ ಚುಚ್ಚಿತು. ಇವರು ನನಗೇನೂ ಮಾಡಿಲ್ಲವಲ್ಲ... ಆದರೆ ಮರುಕ್ಷಣವೇ ಸೋಫಿಯಾದ ಆ ನಗು ಕಿವಿಯಲ್ಲಿ ಮೊಳಗಿತು. ಚುಚ್ಚಿದ್ದನ್ನು ಅವಳು ಅಲ್ಲೇ ಅದುಮಿದಳು.

ಜನವರಿ ಮೊದಲ ವಾರ ಸ್ಟುಡಿಯೋದ ದೊಡ್ಡ ಪರದೆಯ ಮೇಲೆ ವೆಬ್‌ಸೈಟ್ ತೆರೆಯಿತು.

ಮೊದಲು ಬಿಳಿ ಪುಟದ ನಡುವೆ ಕಪ್ಪು ಚೌಕಟ್ಟು. ಅದರೊಳಗೆ ಕಪ್ಪು ಬಿಳುಪಿನಲ್ಲಿ ಸ್ತೋಯಿಲ್. ಕೆಳಗೆ ಹೆಸರು. ಅದರ ಕೆಳಗೆ 'ಐವತ್ತು ವರ್ಷ ನಿಮ್ಮೊಂದಿಗೆ...' ಎಂಬ ಸಾಲು. ಕಣ್ಣು ಮಿಟುಕಿಸುವಷ್ಟರಲ್ಲಿ ಚೌಕಟ್ಟು ಹಿಗ್ಗಿ ಕರಗಿತು. ಮುದುಕರ ಮುಖಕ್ಕೆ ಬಣ್ಣ ಬಂತು, '...ಇನ್ನೂ ನೂರು ವರ್ಷ!' ಎಂಬ ಅಕ್ಷರ ಅರಳಿತು, ಜೇನುಹುಳಗಳು ಹಿಂಡು ಹಿಂಡಾಗಿ ಹಾರಿದವು.

"ಅಬ್ಬಾ!" ಎಂದರು ಪೆನ್ಕಾ ಮೇಡಂ.

ನೆವೆನಾಗೆ ಒಳಗೊಳಗೇ ನಗು. ಆ ಹುಳಗಳ ವಿಡಿಯೋ ಎಷ್ಟು ಭಾರ ಎಂದು ಅವಳಿಗಷ್ಟೇ ಗೊತ್ತು. ಪೆಟ್ಟಿಗೆಯ ಅಳತೆ ಎಲ್ಲೂ ಇಲ್ಲ. ಬೆಲೆ ಬೇಕಾದರೆ ಮೂರು ಪುಟ ದಾಟಬೇಕು. 'ಕೊಳ್ಳಿ' ಎನ್ನುವ ಬಟನ್ ಇರಬೇಕಾದ ಕಡೆ 'ಮರದ ಆತ್ಮ' ಎಂದು ಬರೆದ ಬಟನ್ ಇತ್ತು, ಅದನ್ನು ಒತ್ತಿದರೆ ಕಾಡಿನ ಫೋಟೋ ಬರುತ್ತಿತ್ತು!

ಬೋಯನ್ ಒಂದೊಂದೇ ಪುಟ ತೆರೆದು ನೋಡಿದ. "ಫೋನ್ ನಂಬರ್ ಎಲ್ಲಿದೆ?"

"ಕಟ್ಟಕಡೇಲಿ. ಗಿರಾಕಿ ಹುಡುಕ್ಕೊಂಡು ಬರ್ಬೇಕು ಸಾರ್. ಅದರಲ್ಲೊಂದು ಗತ್ತಿರತ್ತೆ."

ಅವನು ಅವಳ ಕಣ್ಣನ್ನೇ ನೋಡಿದ. ಆಮೇಲೆ ಪೆನ್ನು ತೆಗೆದು ಒಪ್ಪಿಗೆ ಸಹಿ ಹಾಕಿದ.

"ಚೆನ್ನಾಗಿದೆ. ಒಂದು ಅಕ್ಷರಾನೂ ಬದಲಾಯಿಸ್ಬೇಡಿ."

ದಡ್ಡ! ಹಳ್ಳಿ ಸೇರಿ ಕಲಿತಿದ್ದೆಲ್ಲ ಮರೆತಿದ್ದಾನೆ ಎಂದುಕೊಂಡಳು. ಸೇಡು ಇಷ್ಟು ಸಲೀಸಾಗಿ ದಕ್ಕಿದ್ದು ಅವಳಿಗೆ ಸ್ವಲ್ಪ ಸಪ್ಪೆಯೂ ಅನ್ನಿಸಿತು.

ಅಂದಿನಿಂದ ದಿನವೂ ಬಂದವರ ಲೆಕ್ಕ ತೆರೆದು ನೋಡುವುದೇ ಅವಳ ಹಬ್ಬವಾಯಿತು. ಜನ ಬರುತ್ತಿದ್ದರು, ಮುಖಪುಟದಲ್ಲೇ ತಿರುಗಿ ಹೋಗುತ್ತಿದ್ದರು. ಒಬ್ಬನೂ ನಂಬರಿನವರೆಗೆ ತಲುಪಿರಲಿಲ್ಲ.

ಈಗ ಗೊತ್ತಾಯ್ತಾ ಬೋಯನ್? ಜೀವ ತೇದು ಮಾಡಿದ್ದನ್ನ ಜನ ಬೇಡ ಅಂದ್ರೆ ಹೇಗಿರತ್ತೆ ಅಂತ?

ಆದರೂ ಕಂಪ್ಯೂಟರ್ ಮುಚ್ಚಿದ ಮೇಲೆ ಮನಸ್ಸು ಖಾಲಿ ಖಾಲಿ. ಗೆದ್ದ ಸುದ್ದಿ ಹೇಳಿಕೊಳ್ಳಲು ಯಾರನ್ನು ಹುಡುಕಿದರೂ ಅವಳಿಗೆ ನೆನಪಾಗುತ್ತಿದ್ದದ್ದು ಬೋಯನ್‌ನೇ! ಇದೆಂಥ ಕರ್ಮ ಎಂದು ತನ್ನನ್ನೇ ಬೈದುಕೊಂಡಳು.

ಜನವರಿ ಕೊನೆಯಲ್ಲಿ ಒಂದು ಬೆಳಗ್ಗೆ ಪೆನ್ಕಾ ಮೇಡಂ ಫೋನ್ ಹಿಡಿದು ಓಡಿ ಬಂದರು.

"ಏನೇ ಮಾಡಿಟ್ಟಿದೀಯ? ಬದುಕಿರೋ ಮನುಷ್ಯನಿಗೆ ಜನ ಸಾವಿನ ಹೂವು ತಂದು ಕೊಡ್ತಿದ್ದಾರಂತೆ! ಈಗಲೇ ಹೋಗು ತ್ರೊಯಾನ್‌ಗೆ!"

ಬಸ್ಸಿಳಿದು ಓಡಿದವಳು ಗೇಟಿನ ಹತ್ತಿರ ನಿಂತುಬಿಟ್ಟಳು. ಹಿಮದಲ್ಲಿ ಕುರಿಚರ್ಮದ ಟೋಪಿ ಹಾಕಿದ ಮುದುಕನೊಬ್ಬ ಎರಡು ಬಿಳಿ ಕಾರ್ನೇಷನ್ ಹೂವು ಹಿಡಿದು ನಿಂತಿದ್ದ. ಅವನ ಎದುರಿಗೆ ಉಳಿ ಹಿಡಿದ ಸ್ತೋಯಿಲ್!

"ಅಯ್ಯೋ ದೇವರೇ... ನೀನು ಸತ್ತಿಲ್ವೇನೋ?" ಎಂದು ಟೋಪಿಯವನು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ.

"ಇನ್ನೂ ಪುರಸೊತ್ತಾಗಿಲ್ಲ ಮಿಂಚೋ. ನಿನಗೂ ಯಾರು ಹೇಳಿದ್ರೋ?"

"ನಿನ್ನ ವೆಬ್‌ಸೈಟೇ ಹೇಳ್ತು ಕಣೋ! ನನ್ನ ಹಳೇ ಫೋನ್ ಹಿಮದಲ್ಲಿ ಕಳೆದುಹೋಯ್ತು, ಅದರ ಜೊತೆ ನಿನ್ನ ನಂಬರೂ ಹೋಯ್ತು. ನಂಬರ್ ಸಿಗತ್ತೇನೋ ಅಂತ ತೆಗೆದ್ರೆ, ನೋಡು ಇಲ್ಲಿ!"

ನೆವೆನಾ ಮಿಂಚೋನ ಹಿಂದಿನಿಂದ ಬಗ್ಗಿ ಅವನ ಫೋನ್ ನೋಡಿದಳು. ಅವಳ ಕಣ್ಣು ತುಂಬಿ ಬಂತು.

ಬಿಳಿ ಪುಟ. ಕಪ್ಪು ಚೌಕಟ್ಟು. ಕಪ್ಪು ಬಿಳುಪಿನ ಸ್ತೋಯಿಲ್. ಹೆಸರು. 'ಐವತ್ತು ವರ್ಷ ನಿಮ್ಮೊಂದಿಗೆ...'

ಅಷ್ಟೇ. ಬೆಟ್ಟದ ಹಳ್ಳಿಗಳ ಕುಂಟು ಸಿಗ್ನಲ್‌ನಲ್ಲಿ ಹುಳಗಳ ವಿಡಿಯೋ ಬರಲೇ ಇಲ್ಲ. ಚೌಕಟ್ಟು ಕರಗಲಿಲ್ಲ, ಮುಖಕ್ಕೆ ಬಣ್ಣವೂ ಬರಲಿಲ್ಲ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಗೇಟಿಗೆ, ದೀಪದ ಕಂಬಕ್ಕೆ, ಬಸ್ ಸ್ಟಾಪಿಗೆ ಅಂಟಿಸುವ ಶ್ರದ್ಧಾಂಜಲಿ ಕಾಗದ ಇರುತ್ತದಲ್ಲ, ತದ್ರೂಪು ಅದೇ!

"ನಾನು ಅಳ್ತಾ ಅಳ್ತಾ ಸುತ್ತಲ ಹಳ್ಳಿಯೋರಿಗೆಲ್ಲ ಹೇಳ್ಬಿಟ್ಟೆ," ಎಂದ ಮಿಂಚೋ. "ಎಲ್ಲರೂ ಈ ಸಲದ ಪೆಟ್ಟಿಗೆ ಬೇರೆ ಕಡೆ ತಗೊಳ್ಳೋಣ ಅಂತಿದ್ದಾರೆ. ಸತ್ತವನ ಹತ್ರ ಹೇಗಪ್ಪ ಆರ್ಡರ್ ಕೊಡೋದು?"

ಸ್ತೋಯಿಲ್ ಅವನ ಕೈಯಿಂದ ಹೂವು ಕಸಿದುಕೊಂಡು ಒಂದನ್ನು ಹಿಮಕ್ಕೆ ಎಸೆದರು. "ಜೋಡಿ ಹೂವು ಸತ್ತೋರಿಗೆ. ಈಗ ಒಂಟಿ ಆಯ್ತು, ಬದುಕಿರೋನು ಇಟ್ಕೊಳ್ತೀನಿ. ನಡಿ ಒಳಗೆ, ರಾಕಿಯಾ ಸಾರಾಯಿ ಕುಡಿ." ಉಳಿದ ಹೂವನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು. ಆಗ ಅವಳನ್ನು ಕಂಡರು. "ಮಗಳೇ, ಯಾವಾಗ ಬಂದೆ? ನೀನ್ಯಾಕೆ ಅಳ್ತಿದೀಯ? ಯಂತ್ರ ಕೆಟ್ರೆ ನೀನೇನು ಮಾಡ್ತೀಯ?"

ಆ ಒಳ್ಳೆಯ ಮಾತನ್ನು ಅವಳಿಂದ ತಡೆಯಲಾಗಲಿಲ್ಲ.

"ಯಂತ್ರ ಕೆಟ್ಟಿಲ್ಲ ಯಜಮಾನ್ರೇ! ನಾನೇ ಕೆಡಿಸಿದ್ದು. ಬೇಕಂತಲೇ! ಒಬ್ಬ ಗಿರಾಕಿಯೂ ನಿಮ್ಮನ್ನ ತಲುಪಬಾರದು ಅಂತ ಮಾಡಿದ್ದು. ನಿಮ್ಮ ಮಗನ ಮೇಲಿನ ಸಿಟ್ಟಿಗೆ..."

ಕಾರ್ಖಾನೆಯ ಬಾಗಿಲಲ್ಲಿ ಬೋಯನ್ ನಿಂತಿದ್ದ. ಮೈಯೆಲ್ಲ ಮರದ ಹೊಟ್ಟು.

"ನನಗೆ ಗೊತ್ತಿತ್ತು," ಎಂದ.

"ಏನು ಗೊತ್ತಿತ್ತು?"

"ಎಲ್ಲಾ. ಭಾರದ ವಿಡಿಯೋ, ಬಚ್ಚಿಟ್ಟ ನಂಬರು, ಆ ಮರದ ಆತ್ಮ! ನನಗೇನು ಕಣ್ಣಿಲ್ವಾ ನೆವೆನಾ? ಈ ಚೌಕಟ್ಟಿನ ವಿಷಯ ಒಂದು ಹೊಳೀಲಿಲ್ಲ. ಉಳಿದಿದ್ದು ಗೊತ್ತಿದ್ದೇ ಸಹಿ ಹಾಕಿದೆ."

"ಯಾಕೆ?"

"ನಿನಗೆ ಸೇಡು ಬೇಕಿತ್ತು. ನಾನು ಅದಕ್ಕೆ ತಕ್ಕವನೇ. ಒಂದು ವಾರ ಸಿಟ್ಟು ತೀರಿಸ್ಕೊಂಡು ನೀನೇ ಬಂದು ಸರಿ ಮಾಡ್ತೀಯ ಅಂದ್ಕೊಂಡೆ. ಆ ನೆಪದಲ್ಲಾದ್ರೂ ಮಾತಾಡ್ಬಹುದು ಅಂತ..."

ನೆವೆನಾಳ ಕಣ್ಣೀರು ಅಲ್ಲೇ ಒಣಗಿತು. ಉಕ್ಕಿ ಬಂದದ್ದು ಕೋಪ!

"ಅಂದ್ರೆ ನನ್ನ ಸೇಡೂ ನಿನ್ನ ಅಪ್ಪಣೆಯಿಂದಲೇ ನಡೀತಾ? ಅವತ್ತು ನನ್ನ ಕೆಲಸ ಕಿತ್ಕೊಂಡೆ, ಇವತ್ತು ನನ್ನ ಸಿಟ್ಟನ್ನೂ ಕಿತ್ಕೊಂಡ್ಯಲ್ಲೋ!"

"ಕೆಲಸಾನ?" ಸ್ತೋಯಿಲ್ ನಡುವೆ ಬಂದರು. "ಯಾವ ಕೆಲಸ ಮಗಳೇ? ಓ... ನೀನೇನಾ ಆ ಹುಡುಗಿ? ಇವನು ಸೋಫಿಯಾದ ಕೆಲಸ ಅವತ್ತೇ ಬಿಟ್ಟು ಬಂದ. 'ಒಬ್ಬಳನ್ನ ಕಳ್ಕೊಂಡೆ ಅಪ್ಪಾ' ಅಂತ ಅಷ್ಟೇ ಅಂದ. ಮೂರು ವರ್ಷದಿಂದ ಮರದ ಜೊತೆ ಬಿಟ್ಟು ಯಾರ ಜೊತೆಗೂ ಸರಿಯಾಗಿ ಮಾತಾಡಿಲ್ಲ."

ನೆವೆನಾ ದಂಗಾಗಿ ಬೋಯನ್ ಮುಖ ನೋಡಿದಳು. "ನೀನು... ನನ್ನ ಜಾಗ ತಗೊಳ್ಳಲಿಲ್ವಾ?"

"ನೀನಿಲ್ಲದ ಆ ಕುರ್ಚಿ ಇಟ್ಕೊಂಡು ನಾನೇನು ಮಾಡ್ಲಿ? ನಿನ್ನ ಎಲ್ಲೆಲ್ಲೋ ಹುಡುಕಿದೆ. ಪ್ಲೊವ್‌ದಿವ್‌ನಲ್ಲಿ ಒಂದು ಬೇಕರಿಯ ವೆಬ್‌ಸೈಟ್ ನೋಡ್ದೆ. ಒಂದು ಚೂರೂ ಆಡಂಬರ ಇಲ್ಲ, ತೆಗೆದ ಕೂಡಲೇ ಬ್ರೆಡ್ಡು, ಬೆಲೆ, ನಂಬರು. ಕೆಳಗೆ ನಿನ್ನ ಹೆಸರು." ಅವನು ತಲೆ ತಗ್ಗಿಸಿದ. "ಅವತ್ತು ನಾನು ಹೇಳಿದ ತಪ್ಪುಗಳು ನಿಜಾನೇ. ಆದ್ರೆ ಅದನ್ನ ಅಡುಗೆಮನೇಲಿ ನಿನಗೊಬ್ಬಳಿಗೆ ಹೇಳ್ಬೇಕಿತ್ತು. ಜಾಣ ಅನ್ನಿಸ್ಕೊಳ್ಳೋ ಆಸೆಗೆ ಸಭೇಲಿ ಹೇಳಿ ನಗಿಸ್ದೆ. ಅದಕ್ಕೆ ನನ್ನ ಹತ್ರ ಯಾವ ಸಮಜಾಯಿಷಿಯೂ ಇಲ್ಲ."

ಮಿಂಚೋ ರಾಕಿಯಾ ಮರೆತು ಹಿಮದಲ್ಲೇ ನಿಂತಿದ್ದ. ಸ್ತೋಯಿಲ್ ಮಗನ ಹೆಗಲಿಗೆ ಒಂದು ಗುದ್ದು ಕೊಟ್ಟರು.

"ಒಂದು ಹುಡುಗಿಗೋಸ್ಕರ ನನ್ನ ಕಾರ್ಖಾನೆ ಪಣಕ್ಕಿಟ್ಯೇನೋ?"

"ಹೌದಪ್ಪ."

"ನನ್ನನ್ನ ಕೇಳ್ದೇನೇ? ನಿನ್ನ ಲೆಕ್ಕ ಆಮೇಲೆ ಚುಕ್ತಾ ಮಾಡ್ತೀನಿ." ಆಮೇಲೆ ಅವಳ ಕಡೆ ತಿರುಗಿದರು. "ನೀನೂ ನನಗೆ ಅನ್ಯಾಯ ಮಾಡಿದೀಯ ಮಗಳೇ. ನಾನು ಊರಿನೋರಿಗೆಲ್ಲ ಆ ಹುಳ ತೋರಿಸಿ ಮೆರೆದಿದ್ದೆ. ಈಗ ನನ್ನನ್ನ ಬದುಕಿಸಿ ಕೊಡು."

ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು. ನೆವೆನಾ ಮೂಗು ಒರೆಸಿಕೊಂಡು ಕಾರ್ಖಾನೆಯೊಳಗೆ ಹೋಗಿ, ಕೆಲಸದ ಮೇಜಿನ ಮೇಲಿನ ಹೊಟ್ಟು ಸರಿಸಿ ಲ್ಯಾಪ್‌ಟಾಪ್ ತೆರೆದಳು.

ಮುಖಪುಟದಿಂದ ಹುಳಗಳು ಹೋದವು. ಮರದ ಆತ್ಮವೂ ಹೋಯಿತು. ಆ ಕ್ಷಣ ತೆಗೆದ ಒಂದು ಫೋಟೋ, ಸ್ತೋಯಿಲ್ ಪೆಟ್ಟಿಗೆಯ ಮುಚ್ಚಳ ಎತ್ತಿ ಹಲ್ಲು ಬಿಟ್ಟು ನಗುತ್ತಿರುವುದು, ಮೇಲೆ ಬಂತು. ಅದರ ಪಕ್ಕದಲ್ಲೇ ದಪ್ಪ ಅಕ್ಷರದ ಫೋನ್ ನಂಬರ್, ಕೈಗವಸು ಹಾಕಿಕೊಂಡೂ ಒತ್ತಬಹುದಾದ ದೊಡ್ಡ ಬಟನ್. ಕೆಳಗೆ ಅಳತೆ, ಬೆಲೆ, ಯಾವ ಊರಿಗೆ ಯಾವ ವಾರ ಕಳಿಸುತ್ತಾರೆ ಎಂಬುದು.

"ಬಸ್ ಸ್ಟ್ಯಾಂಡ್ ಬೋರ್ಡ್ ಥರ ಇದೆಯಲ್ಲ ಮಗಳೇ ಇದು!" ಸ್ತೋಯಿಲ್ ಮುಖ ಸಪ್ಪಗಾಯಿತು.

"ಗಿರಾಕಿಗಳು ನಿಂತ್ಕೊಂಡೇ ಓದೋದು ಯಜಮಾನ್ರೇ. ನಿಮ್ಮ ಹುಳಗಳನ್ನ ಒಳಗಿನ ಪುಟದಲ್ಲಿ ಇಟ್ಟಿದೀನಿ, ಬೇಕಾದೋರು ಹೋಗಿ ನೋಡ್ಲಿ."

ಮಿಂಚೋನನ್ನು ಸಿಗ್ನಲ್ ಕುಂಟುವ ತಿರುವಿನವರೆಗೆ ನಡೆಸಿ, ಅಲ್ಲಿಂದ ಪುಟ ತೆಗೆದು ನೋಡಲು ಹೇಳಿದರು. ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು.

"ಹಲೋ! ಸತ್ತವರ ಮನೇನಾ?" ಎಂದಿತು ಮಿಂಚೋನ ದನಿ. ಬೋಯನ್ ನಕ್ಕುಬಿಟ್ಟ. ನೆವೆನಾ ನಗಲಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಬಾಕಿಯಿತ್ತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ ತನಗೇ ಬಂದ ಸಿಟ್ಟು. ಕೊನೆಯ ಬಸ್ಸಿಗೆ ಹೊರಟುಹೋದಳು.

ಫೆಬ್ರವರಿ ಹತ್ತು ಸಂತ ಹರಲಾಂಪಿಯ ದಿನ. ಅಂದು ಜೇನು ಸಾಕುವವರೆಲ್ಲ ಜೇನಿನ ಜಾಡಿ ಹಿಡಿದು ಚರ್ಚಿಗೆ ಬರುತ್ತಾರೆ, ಪ್ರತಿ ಜಾಡಿಯ ಮೇಲೂ ಮೇಣದ ಬತ್ತಿ ಉರಿಯುತ್ತದೆ. ಸ್ತೋಯಿಲ್ ಅವಳಿಗೆ ತಾವೇ ಫೋನ್ ಮಾಡಿ ಕರೆದಿದ್ದರು. ಕರೆದವರು ಅವರಾದ್ದರಿಂದ ಬಂದೆ ಎಂದು ಅವಳು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಚರ್ಚಿನ ಅಂಗಳದಲ್ಲಿ ಸ್ತೋಯಿಲ್ ರಾಜನ ಹಾಗೆ ಓಡಾಡುತ್ತಿದ್ದರು. "ಮುಟ್ಟಿ ನೋಡ್ರೋ, ಬಿಸಿ ಇದೀನಿ!" ಎಂದು ಕಂಡವರಿಗೆಲ್ಲ ಕೈ ಕೊಡುತ್ತಿದ್ದರು. ಗುರುತೇ ಇಲ್ಲದ ದೂರದ ಊರುಗಳವರೂ ವೆಬ್‌ಸೈಟ್ ನೋಡಿ ಆರ್ಡರ್ ಕೊಟ್ಟಿದ್ದರು. ಈ ವಸಂತಕ್ಕೆ ಕಾರ್ಖಾನೆ ಮುಚ್ಚುವ ಮಾತಿರಲಿಲ್ಲ.

ಬೋಯನ್ ಜನರ ನಡುವಿನಿಂದ ಬಂದು ಅವಳ ಪಕ್ಕ ನಿಂತ. ಕ್ಷೌರ ಮಾಡಿಕೊಂಡಿದ್ದ. ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ.

"ನೆವೆನಾ... ನಿನ್ನ ಹತ್ರ ಒಂದು ಮಾತು ಹೇಳ್ಬೇಕು. ಆ ಗೋಡೆ ಹತ್ರ ಬರ್ತೀಯಾ?"

ಅವಳು ಅಲುಗಲಿಲ್ಲ. ಮೂರು ವರ್ಷ ಎದೆಯಲ್ಲಿಟ್ಟುಕೊಂಡದ್ದು ಈಗ ಬಾಯಿಗೆ ಬಂತು.

"ಗೋಡೆ ಹತ್ರ ಯಾಕೆ? ಬೈಯೋದು ಸಭೇಲಿ, ಪ್ರೀತಿ ಮಾತ್ರ ಮೂಲೇಲಾ?"

ಬೋಯನ್ ಬಿಳಿಚಿಕೊಂಡ. ನಾಲ್ಕು ಜನರೆದುರು ದನಿ ಎತ್ತಿ ಮಾತಾಡುವುದನ್ನೇ ಅವನು ಬಿಟ್ಟು ಮೂರು ವರ್ಷವಾಗಿತ್ತು. ಆದರೂ ಅಂಗಳದ ಕಲ್ಲುಬೆಂಚಿನ ಮೇಲೆ ಹತ್ತಿ ನಿಂತ.

"ಎಲ್ಲರೂ ಸ್ವಲ್ಪ ಕೇಳಿ!"

ಜಾಡಿ ಹಿಡಿದವರೆಲ್ಲ ಇತ್ತ ತಿರುಗಿದರು. ಪಾದ್ರಿಗಳೂ ಬಾಗಿಲಿಗೆ ಬಂದರು.

"ಈ ನೆವೆನಾಳನ್ನ ಒಂದು ಸಲ ತುಂಬಿದ ಸಭೇಲಿ ಹೀಯಾಳಿಸಿದ್ದೆ. ನಾನು ಜಾಣ ಅಂತ ತೋರಿಸ್ಕೊಳ್ಳೋಕೆ ಅವಳನ್ನ ಸಣ್ಣವಳು ಮಾಡ್ದೆ. ಅದು ನೀಚತನ. ನಾನು ಇವಳನ್ನ ಪ್ರೀತಿಸ್ತೀನಿ, ಅವತ್ತೂ ಪ್ರೀತಿಸ್ತಿದ್ದೆ. ಅದಕ್ಕೇ ನನ್ನ ತಪ್ಪು ಇನ್ನೂ ದೊಡ್ಡದು. ನೆವೆನಾ, ನನ್ನ ಕ್ಷಮಿಸು. ಆಗತ್ತೆ ಅಂದ್ರೆ... ನನ್ನ ಮದುವೆ ಆಗು."

ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಈ ಸಲ ನಗುವಿನ ನಡುವೆ ನಿಂತವನು ಬೋಯನ್. ಕಿವಿಯ ತುದಿಯವರೆಗೂ ಕೆಂಪಾಗಿದ್ದ, ಆದರೂ ಬೆಂಚಿನಿಂದ ಇಳಿಯಲಿಲ್ಲ. ಅದನ್ನು ನೋಡನೋಡುತ್ತ ನೆವೆನಾಳ ಎದೆಯ ಗಂಟು ಬಿಚ್ಚಿಕೊಂಡಿತು. ಅವಳು ಹೋಗಿ ಅವನ ಪಕ್ಕದಲ್ಲಿ ಬೆಂಚಿನ ಮೇಲೆ ನಿಂತಳು.

"ಸೇಡು ತೀರಿತಾ?" ಅವನು ಪಿಸುಗುಟ್ಟಿದ.

"ಜೋರಾಗಿ ಕೇಳು. ಹಿಂದಿನೋರಿಗೆ ಕೇಳಿಸ್ಲಿಲ್ಲ."

"ಸೇಡು ತೀರಿತಾ ನೆವೆನಾ?" ಅವನ ದನಿ ಚರ್ಚಿನ ಗೋಡೆಗೆ ತಾಗಿತು.

"ತೀರಿತು! ಮದುವೇನೂ ಆಗ್ತೀನಿ!" ಎಂದು ಅವಳೂ ಅಷ್ಟೇ ಜೋರಾಗಿ ಕೂಗಿದಳು. ಅಂಗಳವೆಲ್ಲ ಚಪ್ಪಾಳೆ. ಆ ಗದ್ದಲದಲ್ಲಿ ಅವಳು ಅವನ ಕಿವಿಯ ಹತ್ತಿರ ಬಾಗಿದಳು.

"ಇದು ಊರಿಗಲ್ಲ, ನಿನಗೊಬ್ಬನಿಗೆ... ನಿನ್ನ ದ್ವೇಷಿಸೋಕೆ ಅಂತಾನಾದ್ರೂ ನಾನು ದಿನಾ ನಿನ್ನ ನೆನೆಸ್ಕೊಂಡೆ ಕಣೋ."

"ಇನ್ಮೇಲೆ?"

"ಇನ್ಮೇಲೆ ನನ್ನ ತಪ್ಪಿದ್ರೆ ಅಡುಗೆಮನೇಲಿ ಹೇಳು," ಎಂದಳು, ಅವನ ಕೋಟಿಗೆ ಮುಖ ಒತ್ತಿಕೊಂಡು. "ಕೇಳಿಸ್ಕೋತೀನಿ."